ಎಡಗಣ್ಣಿನ ಸ್ಕೋರು

ಮಾರ್ಚ್ 3, ಸಂಜೆ 5
ಹದಿನೈದನೆಯ ದಿನ. ಮೊಮ್ಮಗಳು ಗುಬ್ಬಿ ಕೆಂಪು-ಹಸಿರು ಕನ್ನಡಕ ಏರಿಸಿ ಟ್ಯಾಬ್ಲೆಟ್ ಹಿಡಿದಳು. ದಿನಕ್ಕೊಂದು ಗಂಟೆ ಈ ಆಟವೇ ಅವಳ ಕಣ್ಣಿಗೆ ಮದ್ದು. ಬೀಳುವ ಇಟ್ಟಿಗೆ ಎಡಗಣ್ಣಿಗೆ ಮಾತ್ರ ಕಾಣುತ್ತದೆ, ಕೆಳಗಿನ ಗೋಡೆ ಬಲಗಣ್ಣಿಗೆ. ಎರಡೂ ಕೂಡಿದರೆ ಆಟ. ಅವಳ ಎಡಗಣ್ಣು ಸೋಮಾರಿ ಎಂದಿದ್ದಾರೆ ಕಣ್ಣಿನ ಡಾಕ್ಟರಮ್ಮ. ಈ ಮನೆಯಲ್ಲಿ ಆ ಬಿರುದು ಇದುವರೆಗೆ ನನ್ನೊಬ್ಬನದಾಗಿತ್ತು... ಗುಬ್ಬಿಗೆ ಏಳು ತುಂಬಿದೆ. ವಯಸ್ಸು ಏರಿದಷ್ಟೂ ಕಣ್ಣು ಮಾತು ಕೇಳುವುದಿಲ್ಲವಂತೆ.

ಮಾರ್ಚ್ 5
ಗುಬ್ಬಿ ಅತ್ತಳು. ತಲೆನೋವು. ಇಟ್ಟಿಗೆಯೆಲ್ಲ ಮಂಜು ಮಂಜು. ಅವಳಮ್ಮ, ನನ್ನ ಸೊಸೆ, ಆಫೀಸಿನಿಂದ ಬಂದೊಡನೆ ಸ್ಕೋರ್ ನೋಡಿ ಮುಖ ಸಣ್ಣ ಮಾಡುತ್ತಾಳೆ.
"ತಾತ, ನೀನೇ ಆಡು. ಅಮ್ಮಂಗೆ ಹೇಳ್ಬೇಡ."
ಮೊದಲೇ ಮಂಗ, ಮೇಲೆ ಹೆಂಡ. ಪೊರೆ ತೆಗೆಸಿದ ಕಣ್ಣು ನನ್ನದು — ಹೊಸ ಬಲ್ಬು. ಹತ್ತೇ ನಿಮಿಷ ಆಡಿದೆ.

ಮಾರ್ಚ್ 12
ನನ್ನ ಹತ್ತು ನಿಮಿಷ ಈಗ ಮೂವತ್ತಾಗಿದೆ. ಸೊಸೆ ಸ್ಕೋರ್ ನೋಡಿ ಗುಬ್ಬಿಯನ್ನು ಎತ್ತಿ ಮುದ್ದಾಡಿದಳು. ಪೇಪರ್ ಹಿಂದೆ ನಕ್ಕೆ. ಕಣ್ಣಿಗೆ ಮಣ್ಣೆರಚುವುದರಲ್ಲಿ ನನ್ನದು ಅರವತ್ತು ವರ್ಷದ ಸರ್ವಿಸ್.

ಏಪ್ರಿಲ್ 16, ಮಧ್ಯಾಹ್ನ
ಆಸ್ಪತ್ರೆಯಿಂದ ಬಂದೆವು. ಬಲಗಣ್ಣು ಮುಚ್ಚಿದರೆ ಗುಬ್ಬಿ ಅಕ್ಷರದ ಪಟ್ಟಿಯ ಮೂರನೆಯ ಸಾಲಿಗೇ ನಿಂತುಬಿಟ್ಟಳು. ಫೆಬ್ರವರಿಯಲ್ಲೂ ಅದೇ ಸಾಲು. ಡಾಕ್ಟರಮ್ಮ ವಿವರಿಸಿದರು — ಶುರುವಿನಲ್ಲಿ ಆಟ ಬಲಗಣ್ಣಿನ ಗೋಡೆಯನ್ನು ಮಸುಕು ಮಾಡಿರುತ್ತದೆ, ಎಡಗಣ್ಣು ದುಡಿಯಲಿ ಎಂದು. ಸ್ಕೋರ್ ಏರಿದಂತೆ ಎಡಗಣ್ಣು ಬಲಿಯಿತೆಂದು ನಂಬಿ ಬಲಗಣ್ಣಿನದನ್ನು ಪ್ರಖರ ಮಾಡುತ್ತದೆ. ಈಗ ಪೂರ್ತಿ ಪ್ರಖರ. ಅಂದರೆ ಗುಬ್ಬಿ ಆಡಿದ ಅರ್ಧ ಗಂಟೆಯೂ ಬಲಗಣ್ಣಿನ ದರ್ಬಾರು. ಅವಳ ಆರು ವಾರ ನಾನೇ ನುಂಗಿದೆ.
"ಆಟದಲ್ಲಿ ಇಷ್ಟು ಮುಂದೆ, ಕಣ್ಣಲ್ಲಿ ಏನೂ ಇಲ್ಲ. ಒಳಗೆ ಬೇರೇನೋ ಇರ್ಬೋದು. ಮಂಪರಿನ ಔಷಧಿ ಕೊಟ್ಟು ಸ್ಕ್ಯಾನ್ ಮಾಡೋಣ. ಶುಕ್ರವಾರ ಬನ್ನಿ," ಎಂದರು ಡಾಕ್ಟರಮ್ಮ.
ಸೊಸೆ ಗುಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಊರಿಗೆಲ್ಲ ಮಾತು ಹಂಚುವ ನಾನು ಆಟೋ ಕರೆಯಲು ಹೊರಗೆ ಹೋದೆ.

ಏಪ್ರಿಲ್ 17, ಬೆಳಿಗ್ಗೆ 7
ಗುಬ್ಬಿ ಹಾಸಿಗೆಯಿಂದ ನೇರ ಬಂದು ಕಿವಿಯಲ್ಲಿ ಪಿಸುಗುಟ್ಟಿದಳು.
"ನಾನು ಹೇಳಲ್ಲ ತಾತ. ಹೇಳಿದ್ರೆ ಅಮ್ಮ ನಿನ್ನ ಹತ್ರ ಮಾತು ಬಿಡ್ತಾಳೆ."
ಹೋದವಳು ತಿರುಗಿ ಬಂದು, ಸ್ಕ್ಯಾನ್ ಮಾಡಿದರೆ ನೋವಾಗುತ್ತದೆಯೇ ಎಂದು ಕೇಳಿದಳು.

7.20
ಸೊಸೆ ಅಡುಗೆಮನೆಯಲ್ಲಿ, ಫೋನಿನಲ್ಲಿ ನಾಳೆಗೆ ರಜೆ ಕೇಳುತ್ತಿದ್ದಾಳೆ. ಎಷ್ಟೋ ಸುಳ್ಳುಗಳನ್ನು ನಗಿಸುತ್ತ ಹೇಳಿದ್ದೇನೆ. ಈ ನಿಜಕ್ಕೆ ಒಂದು ಜೋಕೂ ಹೊಳೆಯುತ್ತಿಲ್ಲ. ಫೋನ್ ಇಟ್ಟಳು. ಕರೆದೆ.
"ತಮಾಷೆ ಆದ್ರೆ ಈಗ ಬೇಡ ಮಾವ."
ಅಲ್ಲ ಎಂದೆ. ಕೈ ಒರೆಸಿಕೊಂಡು ಬರುತ್ತಿದ್ದಾಳೆ. ತೊದಲಬಾರದು, ಮೊದಲ ವಾಕ್ಯ ಬರೆದಿಟ್ಟುಕೊಳ್ಳುತ್ತೇನೆ — ಆ ಸ್ಕೋರು ಗುಬ್ಬಿಯದಲ್ಲ ಕಣಮ್ಮ, ಅದು ನನ್ನ —