ಎರಡು ಅಡುಗೆಮನೆ, ಒಂದು ಸೈರನ್

ಕೆಲರ್ಸ್‌ಫೋರ್ಡ್, ಪೆನ್ಸಿಲ್ವೇನಿಯಾ
೧೪ ಅಕ್ಟೋಬರ್ ೧೯೭೧

ಎದುರುಮನೆಯ ಲಿಯೋನಾಳಿಗೆ,

ರಸ್ತೆ ದಾಟಿ ಬಂದೇ ಹೇಳಬಹುದಿತ್ತು. ಆದರೆ ನಿನ್ನ ಮುಖ ಕಂಡರೆ ನನಗೆ ಬೈಯಲು ಬಾಯಿ ಬರುವುದಿಲ್ಲ. ಅದಕ್ಕೇ ಈ ಕಾಗದ.

ನಮ್ಮೂರ ಸ್ವಯಂಸೇವಕ ಅಗ್ನಿಶಾಮಕ ದಳಕ್ಕೆ ಐವತ್ತು ತುಂಬಿತೆಂದು ಚರಿತ್ರೆ ಬರೆಸುತ್ತಿದ್ದಾರಲ್ಲ, ಅದರ ಕರಡನ್ನು ನನ್ನ ಗಂಡ ಹಾರ್ಲನ್ ನಿನ್ನೆ ಮನೆಗೆ ತಂದಿದ್ದ. ಪಂಪು, ಏಣಿ, ಮೀಸೆಯ ಗಂಡಸರು ಎಲ್ಲ ಮುಗಿದ ಮೇಲೆ ಹೆಂಗಸರಿಗೆ ಒಂದು ಪುಟ. ಬೆಂಕಿಯ ಫೋನು ನಿನ್ನ ಅಡುಗೆಮನೆಯಲ್ಲೂ ನನ್ನ ಅಡುಗೆಮನೆಯಲ್ಲೂ ಒಟ್ಟಿಗೇ ಬಡಿದುಕೊಳ್ಳುತ್ತಿದ್ದುದು, ಮೊದಲು ಎತ್ತಿದವಳು ಗೋಡೆಯ ಗುಂಡಿ ಒತ್ತಿ ಸೈರನ್ ಕೂಗಿಸುತ್ತಿದ್ದುದು, ಗಂಡಸರು ಅಂಗಡಿ, ಹೊಲ ಬಿಟ್ಟು ಓಡಿ ಬರುತ್ತಿದ್ದುದು, ಎಲ್ಲವೂ ಇದೆ.

ಮೊದಲು ಎತ್ತುತ್ತಿದ್ದವಳು ಹೆಚ್ಚಾಗಿ ನೀನೇ. ಕೈಗೆ ಮೆತ್ತಿದ ಹಿಟ್ಟಿನಲ್ಲೇ ಓಡಿದ್ದೇನೆ, ಸ್ನಾನ ಅರ್ಧಕ್ಕೆ ಬಿಟ್ಟು ಓಡಿದ್ದೇನೆ. ಫೋನು ಕಿವಿಗೆ ಇಟ್ಟುಕೊಳ್ಳುವಷ್ಟರಲ್ಲಿ ನಿನ್ನ ತಣ್ಣನೆಯ ದನಿ ಯಾರಿಗೋ ಹೇಳುತ್ತಿರುತ್ತಿತ್ತು: "ಹೆದರ್ಬೇಡಿ, ನಮ್ಮೋರು ಹೊರಟ್ರು." ಇಡೀ ಊರು ಆ ದನಿಗೆ ಸೋತಿತ್ತು. ನನ್ನ ಹಾರ್ಲನ್ ಕೂಡ, ನಾನು ಮಾಡಿದ ಕೋಳಿ ಸೂಪು ಕುಡಿಯುತ್ತಲೇ, "ಲಿಯೋನಾ ಎತ್ತಿದ್ರೆ ಅರ್ಧ ಬೆಂಕಿ ಆರ್ದಂಗೇ ಕಣೇ. ನೀನ್ ಎತ್ತಿದ್ರೆ ಬೆಂಕಿಗೇ ಗಾಬರಿ!" ಎಂದಿದ್ದ. ಅವತ್ತು ಅವನಿಗೆ ಎರಡನೇ ಸಲ ಬಡಿಸಲಿಲ್ಲ. ಹೊಟ್ಟೆಕಿಚ್ಚು ಅಂದುಕೋ. ಹೌದು, ಹೊಟ್ಟೆಕಿಚ್ಚೇ.

ಈಗ ಕರೆಗಳೆಲ್ಲ ಜಿಲ್ಲಾ ಕೇಂದ್ರಕ್ಕೆ ಹೋಗುತ್ತವಂತೆ, ನಮ್ಮ ಫೋನುಗಳನ್ನು ಕೀಳುತ್ತಾರೆ. ಶನಿವಾರ ದಳದ ಐವತ್ತರ ಔತಣದಲ್ಲಿ ನಮ್ಮಿಬ್ಬರಲ್ಲಿ ಒಬ್ಬಳಿಗೆ ಆ ಗುಂಡಿಯನ್ನು ಮರದ ಹಲಗೆಗೆ ಕೂರಿಸಿ ನೆನಪಿನ ಕಾಣಿಕೆಯಾಗಿ ಕೊಡುತ್ತಾರೆ. ನನಗದು ಬೇಕಿತ್ತು. ತುಂಬಾ ಬೇಕಿತ್ತು. ನೋಡಿದರೆ ಕರಡಿನಲ್ಲಿ ನನ್ನ ಹೆಸರೇ ಇದೆ! ಕಾರಣ ಓದಿದೆ, ಮೈಯೆಲ್ಲ ಉರಿಯಿತು. ತನ್ನದೇ ಅಡುಗೆಮನೆಗೆ ಬೆಂಕಿ ಹತ್ತಿಕೊಂಡಾಗಲೂ ವರ್ನಾ ಧೃತಿಗೆಡದೆ ಗುಂಡಿ ಒತ್ತಿದಳಂತೆ. ಹಾಗೆಂದು ಹೇಳಿದವಳು ಲಿಯೋನಾ ಅಂತೆ.

ಸುಳ್ಳುಗಾತಿ! ಅವತ್ತು ಗುಂಡಿ ನನ್ನ ಬೆನ್ನ ಹಿಂದೆಯೇ ಇತ್ತು. ನಾನು ನಡುಮನೆಗೆ ಓಡಿ, ಅಲ್ಲಿದ್ದ ಮನೆಯ ಫೋನಿನಲ್ಲಿ, ಊರಿನ ಎಲ್ಲರ ಹಾಗೆ, ಬೆಂಕಿಯ ನಂಬರು ತಿರುಗಿಸಿದೆ. ಎತ್ತಿದವಳು ನೀನು. "ವರ್ನಾ, ಹೊರಗ್ ಬಾರೇ. ನಾನು ಒತ್ತಿದೀನಿ" ಎಂದೆ. ಇಷ್ಟು ವರ್ಷ ಅದನ್ನು ಯಾರಿಗೂ ಹೇಳದೆ, ಈಗ ಗುಂಡಿಯನ್ನೂ ನನ್ನ ಮಡಿಲಿಗೆ ಹಾಕುತ್ತೀಯಾ? ಒಳ್ಳೆಯತನದಲ್ಲೂ ನೀನೇ ಮುಂದೆ ಇರಬೇಕೇ?

ಇವತ್ತು ಬೆಳಿಗ್ಗೆ ದಳದ ಮನೆಗೆ ಹೋಗಿ ಆ ಸಾಲನ್ನು ಹೊಡೆದುಹಾಕಿಸಿದೆ. ಗಾಬರಿಯಲ್ಲಿ ಗುಂಡಿ ಮರೆತೇಹೋಯಿತೆಂದು ಹೇಳಿದೆ. ಗಂಡಸರು ಬಿದ್ದು ಬಿದ್ದು ನಕ್ಕರು. ಹಾರ್ಲನ್ ಎಲ್ಲರಿಗಿಂತ ಜೋರಾಗಿ. ಗುಂಡಿ ಈಗ ನಿನ್ನದು. ಬೇಡ ಅಂದರೆ ನಿನ್ನ ಮನೆ ಬಾಗಿಲಿಗೇ ಬಂದು ಜಗಳ ತೆಗೆಯುತ್ತೇನೆ.

ನಿನ್ನ ಮೇಲೆ ಇನ್ನೂ ಉರಿಯುತ್ತಿರುವ,
ವರ್ನಾ

ತಾ.ಕ.: ಅವರಿಗೆ ನಾನು ಹೇಳಿದ್ದೂ ಪೂರ್ತಿ ನಿಜವಲ್ಲ. ಗುಂಡಿ ಮರೆತಿರಲಿಲ್ಲ, ಒತ್ತಲು ಕೈ ಕೂಡ ಎತ್ತಿದ್ದೆ. ಆದರೆ ಊರಿಗೆಲ್ಲ ಸಿಕ್ಕಿದ ಆ ದನಿ ಒಂದು ಸಲವಾದರೂ ನನ್ನ ಹೆಸರು ಹಿಡಿದು ಮಾತಾಡಲಿ ಅನ್ನಿಸಿತು.