ನಿಮ್ಮ ಹೆಗಲ ಹಿಂದಿನ ಗಡಿಯಾರ

ಮಾನ್ಯರೇ,

ಈಗ ಮೂರು ಗಂಟೆ ಹತ್ತು ನಿಮಿಷ. ನನ್ನನ್ನು ಎಬ್ಬಿಸಿದ್ದು ನಿಮ್ಮ ಮುಖ. ಎಂಟಡಿಯ ಪೋಸ್ಟರಿನ ಒಂದು ಮೂಲೆಯ ಹಗ್ಗ ಬಿಚ್ಚಿಕೊಂಡು, ಬಂದರಿನ ಗಾಳಿಗೆ ಅದು ನಮ್ಮ ತಗಡಿನ ಗೋಡೆಗೆ ಪಟಪಟ ಬಡಿಯುತ್ತಿದೆ. ಮೂರು ವರ್ಷದ ಹಿಂದೆ ಇದೇ ತಗಡನ್ನು ನಿಮ್ಮವರು ಲಾಠಿಯಿಂದ ಬಡಿದಿದ್ದರು. ಆಗ ನೀವು ಪೊಲೀಸ್ ಕರ್ನಲ್, ಈಗ ಸೆನೆಟ್ ಅಭ್ಯರ್ಥಿ. ಬಡಿತ ಅದೇ.

ಪೋಸ್ಟರಿನಲ್ಲಿ ನಿಮ್ಮ ತೋಳಿನಲ್ಲಿರುವ ಮಗು ನನ್ನದು. ಕೆಳಗೆ ‘ಚಂಡಮಾರುತದಿಂದ ಪಾರಾದ ಕಂದ, ದೇಶದ ತಾಯಿಯ ಮಡಿಲಲ್ಲಿ’ ಎಂದು ಬರೆಸಿದ್ದೀರಿ. ನನ್ನ ಮಗ ತೊಂತೊನ್ ಯಾವ ಚಂಡಮಾರುತಕ್ಕೂ ಸಿಕ್ಕವನಲ್ಲ. ಅವನು ಸಿಕ್ಕಿದ್ದು ನಿಮಗೆ.

ಅವತ್ತು ಬೆಳಗಿನ ಜಾವ ನನ್ನ ಗಂಡ ನೋನಿ ನೆಲದ ಮೇಲೆ ಬೋರಲು ಬಿದ್ದಿದ್ದ, ಬೆನ್ನಿನ ಮೇಲೆ ನಿಮ್ಮವರ ಬೂಟು. ಬಾಡಿಗೆಗೆ ಟ್ರೈಸಿಕಲ್ ಓಡಿಸಿ ಜನರನ್ನು ಸಾಗಿಸುವವನ ಮನೆಯಲ್ಲಿ ಮಾದಕ ವಸ್ತು ಹುಡುಕಲು ಒಂಬತ್ತು ಮಂದಿ ಬಂದಿದ್ದಿರಿ. ‘ಶೋಧ ಶಾಂತಿಯುತವಾಗಿ ನಡೆಯಿತು, ಯಾರಿಗೂ ನೋವಾಗಿಲ್ಲ’ ಎಂಬ ಕಾಗದಕ್ಕೆ ನಾನು ಸಹಿ ಹಾಕಬೇಕಿತ್ತು. ಕಂಕುಳಲ್ಲಿ ನಾಲ್ಕು ತಿಂಗಳ ಕೂಸು ಕಿರುಚುತ್ತಿತ್ತು.

“ಕೊಡಮ್ಮ ಇಲ್ಲಿ. ನಾನೂ ಮೂರು ಹೆತ್ತೋಳೇ,” ಎಂದಿರಿ.

ಕೊಟ್ಟೆ. ಆ ಗಳಿಗೆಯಲ್ಲಿ ನಿಮ್ಮ ಬಗ್ಗೆ ಕೃತಜ್ಞತೆಯೂ ಹುಟ್ಟಿತ್ತು, ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ನಿಮ್ಮ ಫೋಟೋದವನು “ಮೇಡಂ, ಸ್ವಲ್ಪ ಇತ್ತ ತಿರುಗಿ” ಎಂದ. ತಿರುಗಿದಿರಿ. ನಕ್ಕಿರಿ ಕೂಡ.

ಕಳೆದ ತಿಂಗಳು ಈ ಪೋಸ್ಟರನ್ನು ನಮ್ಮ ಗೋಡೆಗೆ ಕಟ್ಟಿದ್ದು ಓಣಿಯ ಕಪಿತಾನ್, ನಾವೇ ಆರಿಸಿ ಕೂರಿಸಿದ ಮುಖಂಡ.

“ಅರ್ಲೀನ್, ನಿನ್ನ ಅದೃಷ್ಟ ಖುಲಾಯಿಸ್ತು ನೋಡು. ಮಗ ಟೀವಿಲಿ ಬರೋದೊಂದು ಬಾಕಿ.”

“ಅಪ್ಪನ್ನ ಜೈಲಿಗೆ ಹಾಕಿದೋರ ಕೈಯಲ್ಲಿ ಮಗನ್ನ ನೋಡೋದು ಅದೃಷ್ಟಾನಾ, ಕಪಿತಾನ್?”

“ಹಳೇದೆಲ್ಲ ಯಾಕೆ ಕೆದಕ್ತೀಯ? ಮೇಡಂ ಗೆದ್ರೆ ಓಣಿಗೆ ಚರಂಡಿ ಬರುತ್ತೆ.”

ಪಕ್ಕದ ಮನೆಯ ಒಣಮೀನು ಮಾರುವ ಮುದುಕಿ ಸೆಪಾ ತಲೆ ಎತ್ತದೆ ಹೇಳಿದಳು: “ಬರಲಿ ಬಿಡಪ್ಪ. ಬಂದ ದಿನ ಮೊದಲು ನಿನ್ನ ನಾಲಿಗೆ ತೊಳ್ಕೋ.”

ನಾನು ನಗಲಿಲ್ಲ, ಪೋಸ್ಟರನ್ನೇ ನೋಡುತ್ತಿದ್ದೆ. ಕಾಲೇಜಿನಲ್ಲಿ ಇತಿಹಾಸ ಓದಿದವಳು ನಾನು. ಚಿತ್ರದಲ್ಲಿ ರಾಜನನ್ನು ಆಮೇಲೆ ನೋಡಿ, ಮೊದಲು ಅವನ ಹಿಂದಿನ ಗೋಡೆ ನೋಡಿ ಎಂದು ನಮಗೆ ಕಲಿಸಿದ್ದರು. ನಿಮ್ಮ ಹಿಂದಿನ ಗೋಡೆ ನೋಡಿದೆ. ಅಲ್ಲಿ ನನ್ನ ತಾಯಿ ಮದುವೆಗೆ ಕೊಟ್ಟ ಹುಂಜದ ಆಕಾರದ ಗಡಿಯಾರ, ಎಂಟು ಮತ್ತು ಒಂಬತ್ತರ ನಡುವೆ ಬಿರುಕು. ಗಂಟೆ ಐದು ಇಪ್ಪತ್ತು. ಗಡಿಯಾರದ ಕೆಳಗೆ ಅಡುಗೆ ಮೇಜು, ಮೇಜಿನ ಮೇಲೆ ಹಾಲಿನ ಬಾಟಲಿ, ತಂಗಳನ್ನದ ತಟ್ಟೆ. ಇನ್ನೇನೂ ಇಲ್ಲ.

ನಿಮ್ಮ ವರದಿ ಏನು ಹೇಳುತ್ತದೆ? ‘ಐದು ಗಂಟೆ ಐದು ನಿಮಿಷಕ್ಕೆ ಅಡುಗೆ ಮೇಜಿನ ಮೇಲೆ ಏಳು ಪೊಟ್ಟಣಗಳು ಕಂಡುಬಂದವು, ಐದೂವರೆಗೆ ಪಟ್ಟಿ ಮಾಡುವವರೆಗೆ ಯಾರೂ ಮುಟ್ಟಿಲ್ಲ.’ ಹಾಗಾದರೆ ಐದು ಇಪ್ಪತ್ತಕ್ಕೆ ಆ ಏಳು ಪೊಟ್ಟಣಗಳು ಎಲ್ಲಿಗೆ ಹೋಗಿದ್ದವು, ಮಾನ್ಯರೇ? ಬೀದಿಗೆ ಕಾಫಿ ಕುಡಿಯಲು ಹೋಗಿದ್ದವೇ? ಇಷ್ಟು ವರ್ಷ ನನ್ನ ಗಂಡನ ಬಿಡುಗಡೆಗೆ ಸಾಕ್ಷಿ ಹುಡುಕಿ ಸೋತಿದ್ದೆ. ನೀವೇ ಅದನ್ನು ಎಂಟಡಿಗೆ ಹಿಗ್ಗಿಸಿ, ಬಣ್ಣ ತುಂಬಿ, ದೇಶದ ತುಂಬಾ ಕಟ್ಟಿಸಿದ್ದೀರಿ. ಈ ಉಪಕಾರವನ್ನು ತೀರಿಸದೆ ಬಿಡುವವಳಲ್ಲ ನಾನು.

ಆದರೆ ಬಡವರೆಂದು ಸರ್ಕಾರ ನಮ್ಮ ಪರ ಕೊಟ್ಟ ವಕೀಲರು ಆಗದೆಂದು ತಲೆಯಾಡಿಸಿದರು. “ಪೋಸ್ಟರು ತಾನಾಗೇ ಮಾತಾಡಲ್ಲಮ್ಮ. ಅದೇ ಮನೆ, ಅದೇ ಬೆಳಿಗ್ಗೆ ಅಂತ ಅಲ್ಲಿದ್ದೋರು ಹೇಳ್ಬೇಕು.”

“ನಾನಿದ್ದೆನಲ್ಲ ಸರ್.”

“ನೀನು ಹೆಂಡ್ತಿ. ಚಂಡಮಾರುತ ಅಂತ ಅವರು ಬರೆಸಿರೋವಾಗ ನಿನ್ನ ಮಾತು ಯಾರು ನಂಬ್ತಾರೆ? ಅವರ ಬಾಯಿಂದಲೇ ಬರ್ಬೇಕು.”

ನಿಮಗೆ ಮೂರು ಬಾರಿ ಸಮನ್ಸ್ ಬಂದಿದೆ. ಮೂರು ಸಲವೂ ‘ರಾಷ್ಟ್ರಸೇವೆಯ ನಿಮಿತ್ತ ಗೈರು’ ಎಂಬ ಪತ್ರ. ಒಮ್ಮೆ ಆ ರಾಷ್ಟ್ರಸೇವೆಯನ್ನು ನಾನೇ ಮೊಬೈಲಿನಲ್ಲಿ ನೋಡಿದೆ, ವೇದಿಕೆಯ ಮೇಲೆ ಕುಣಿಯುತ್ತಿದ್ದಿರಿ. ಇವತ್ತು ಬೆಳಿಗ್ಗೆ ಎಂಟೂವರೆಗೆ ಕೊನೆಯ ವಿಚಾರಣೆ. ನೀವು ಬಾರದಿದ್ದರೆ ನ್ಯಾಯಾಧೀಶರು ನಿಮ್ಮ ಇಬ್ಬರು ಪೇದೆಗಳ ಮಾತಿನ ಮೇಲೇ ತೀರ್ಪು ಬರೆಯುತ್ತಾರೆ. ಏಳು ಪೊಟ್ಟಣಕ್ಕೆ ನಮ್ಮ ಕಾನೂನಿನಲ್ಲಿ ಶಿಕ್ಷೆ ಎಷ್ಟು ಎಂದು ನಾನು ಹೇಳಬೇಕೇ? ನೋನಿಗೆ ಈಗ ವಯಸ್ಸು ಮೂವತ್ತೊಂದು. ಜೈಲು ಅವನು ಸಾಯುವವರೆಗೆ.

ಕಳೆದ ಶುಕ್ರವಾರ ಚರ್ಚಿನ ಎದುರು ಮೇಣದಬತ್ತಿ ಮಾರುವವಳ ಮುಂದೆ ನಿಂತಿದ್ದೆ. ಕೆಂಪು ಪ್ರೀತಿಗೆ, ಹಸಿರು ದುಡ್ಡಿಗೆ, ಕಪ್ಪು ಹಗೆಗೆ. “ಕಪ್ಪು ಕೊಡಿ” ಎಂದೆ. “ಎಷ್ಟು ಬೇಕು ಮಗಳೇ?” ಎಂದಳು. “ಇರೋದೆಲ್ಲ.” ನಿಮ್ಮ ಹೆಸರು ಬರೆದು ಅಷ್ಟನ್ನೂ ಹಚ್ಚಿದೆ. ಪಾಪ ಎಂದು ಗೊತ್ತು. ಪಾದ್ರಿಗಳ ಮುಂದೆ ತಪ್ಪೊಪ್ಪಿಕೊಳ್ಳಲು ಇನ್ನೂ ಹೋಗಿಲ್ಲ. ನೀವು ಸೋತ ಮೇಲೆ ಹೋಗುತ್ತೇನೆ. ಕೋರ್ಟಿಗೆ ಬಾರದಿದ್ದರೆ, ನೀವು ಭಾಷಣ ಮಾಡುವ ಪ್ರತಿ ಊರಿನ ಚೌಕಕ್ಕೂ ಈ ಮಗುವನ್ನೆತ್ತಿಕೊಂಡು ಬರುತ್ತೇನೆ, ನಿಮ್ಮ ಪೋಸ್ಟರಿನ ಕೆಳಗೇ ನಿಂತು ಜನರಿಗೆ ಗಂಟೆ ಎಷ್ಟೆಂದು ಓದಿ ಹೇಳುತ್ತೇನೆ. ನೀವು ಒಂದೇ ಮತದಿಂದ ಸೋಲಬೇಕು, ಆ ಮತ ನನ್ನದೆಂದು ನಿಮಗೆ ತಿಳಿಯಬೇಕು.

ಇಷ್ಟು ಬರೆದು ಹೊರಗೆ ಹೋಗಿ ಉಳಿದ ಮೂರು ಹಗ್ಗಗಳನ್ನೂ ಬಿಚ್ಚಿ ಬಂದೆ. ನಿಮ್ಮನ್ನು ಸುತ್ತಿ ಬಾಗಿಲ ಬಳಿ ನಿಲ್ಲಿಸಿದ್ದೇನೆ, ಕೋರ್ಟಿಗೆ ಒಯ್ಯಲು. ಈ ಪತ್ರವನ್ನು ಜಾಲತಾಣಕ್ಕೆ ಹಾಕುತ್ತಿದ್ದೇನೆ, ಇನ್ನೊಂದು ನಿಮಿಷದಲ್ಲಿ ಎಲ್ಲರ ಮೊಬೈಲಿಗೂ ಹೋಗುತ್ತದೆ, ನಿಮ್ಮದಕ್ಕೂ ಬರುತ್ತದೆ. ಬಡಿತ ನಿಂತಿದೆ, ನಿದ್ದೆ ಮಾತ್ರ ಇಲ್ಲ. ಮೊನ್ನೆ ತೊಂತೊನ್ ಪೋಸ್ಟರನ್ನು ನೋಡುತ್ತಾ ನಿಂತವನು ಕೇಳಿದ: “ಅಮ್ಮಾ, ಈ ಅಜ್ಜಿ ನನ್ನ ಯಾವಾಗ ವಾಪಸ್ ಕೊಟ್ರು?”

ನಾನು ಸಹಿ ಹಾಕಿದ ಕೂಡಲೇ ಕೊಟ್ಟಿದ್ದಿರಿ. ಅದನ್ನು ಅಲ್ಲಗಳೆಯುವುದಿಲ್ಲ. ಅವನ ಅಪ್ಪನನ್ನೂ ಕೊಡಿ. ಎಂಟೂವರೆಗೆ ಬಂದು ‘ಹೌದು, ಇದು ಆ ಮನೆ, ಆ ಬೆಳಿಗ್ಗೆ’ ಎಂಬ ಒಂದು ವಾಕ್ಯ ಹೇಳಿ. ನನ್ನ ನಂಬರ್ ಆ ಶಾಂತಿಯುತ ಶೋಧದ ಕಾಗದದ ಕೆಳಗೆ ನೀವೇ ಬರೆಸಿಕೊಂಡದ್ದು, ಬದಲಾಯಿಸಿಲ್ಲ. ಬೈಯುವುದಕ್ಕಾದರೂ ಸರಿ, ಬೆದರಿಸುವುದಕ್ಕಾದರೂ ಸರಿ, ಕೊನೆಗೆ ಬರುತ್ತೇನೆ ಎನ್ನಿ. ಮೇಲೆ ಬರೆದದ್ದನ್ನೆಲ್ಲ ನುಂಗಿಕೊಂಡು ಕಾಲು ಹಿಡಿಯುತ್ತೇನೆ. ಬೆಳಕು ಹರಿಯುವ ಮೊದಲು ಒಂದೇ ಒಂದು ಫೋನ್ ಮಾಡಿ, ಮೇಡಂ. ಎದ್ದೇ ಇರುತ್ತೇನೆ.

ಇಂತಿ,
ನಿಮ್ಮ ತೋಳಿಗೆ ಒಮ್ಮೆ ನಂಬಿ ಮಗುವನ್ನು ಕೊಟ್ಟವಳು,
ಅರ್ಲೀನ್ ಸುಮಾಂಗಿಲ್