ಅಪ್ಪನ ಕಾರಿನ ಕಾಯಿಲ್

ಪುಟ್ಟಿ,

ನಾನು ಕೆಲಸಕ್ಕೆ ಹೊರಟೆ. ನೀನು ಮೊದಲು ತಿಂಡಿ ತಿನ್ನು, ಆಮೇಲೆ ಇದನ್ನ ಓದು.

ನಿನ್ನೆ ಅಪ್ಪನ ಕಾರು ಬಿಚ್ಚಿ ನೋಡಿದೆ. ಪೆಟ್ರೋಲ್ ಸರಿಯಾಗೇ ಬರ್ತಿದೆ. ಆದ್ರೆ ಇಂಜಿನ್ ಬಿಸಿಯಾದ್ರೆ ಜರ್ಕ್ ಹೊಡೆದು ನಿಲ್ಲುತ್ತೆ, ಮತ್ತೆ ಸ್ಟಾರ್ಟ್ ಆಗಲ್ಲ. ಪ್ಲಗ್‌ಗೆ ಕಿಡಿ ಕೊಡೋ ಕಾಯಿಲ್‌ಗೆ ಒದ್ದೆ ಬಟ್ಟೆ ಸುತ್ತಿ ನೋಡಿದೆ. ಅದು ತಣ್ಣಗಾದ ಕೂಡಲೇ ಕಿಡಿ ಬಂತು. ಕೆಟ್ಟಿದ್ದು ಕಾಯಿಲ್ಲೇ. ಅವತ್ತು ಅಪ್ಪನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋ ದಾರೀಲಿ ಕಾರು ನಿಂತಿದ್ದು ನೀನು ಆಕ್ಸಿಲರೇಟರ್ ಜೋರಾಗಿ ತುಳಿದಿದ್ದಕ್ಕಲ್ಲ. ನಾನು ಓಡಿಸಿದ್ರೂ ನಿಲ್ತಿತ್ತು. ಅಪ್ಪನ ಸಾವನ್ನ ತಲೆ ಮೇಲೆ ಹೊತ್ಕೊಂಡು ಕೊರಗಬೇಡ, ಕತ್ತೆ.

ಹೊಸ ಕಾಯಿಲ್ ಹಾಕಿದೀನಿ. ಅಮ್ಮನ್ನ ಕಣ್ಣಿನ ಡಾಕ್ಟರ ಹತ್ರ ನೀನೇ ಕರ್ಕೊಂಡು ಹೋಗು.

ಬೇರೆ ಬಟ್ಟೆ ಕೈಗೆ ಸಿಗಲಿಲ್ಲ. ಕಾಯಿಲ್‌ಗೆ ಸುತ್ತಿದ್ದು ಅವತ್ತಿನಿಂದ ಹಿಂದಿನ ಸೀಟಲ್ಲೇ ಬಿದ್ದಿದ್ದ ಅಪ್ಪನ ಟವಲ್. ಹಗ್ಗದ ಮೇಲೆ ಹಾಕಿದೀನಿ. ಸೋಪು ಹಾಕಿ ಒಗೀಬೇಡ.

ಅಣ್ಣ